2,500 ರೂಪಾಯಿಯೊಳಗೆ ಇನ್-ಇಯರ್: ಅರಸೀಕೆರೆ ಬಸ್ಸಿಗೂ ಮಲೆನಾಡ ಮಳೆಗೂ ತಾಳೋದು ಯಾವುದು?

ಅರಸೀಕೆರೆ_ಬಸ್, ಹಾಸನ:

ಬಜೆಟ್ 2,500 ರೂಪಾಯಿ. ತೀರಾ ಬೇಕು ಅಂದ್ರೆ 3,000. ವಾರಕ್ಕೆ ಆರು ದಿನ ಹಾಸನ-ಅರಸೀಕೆರೆ ಬಸ್ಸು, ದಿನಕ್ಕೆ ಎರಡರಿಂದ ಎರಡೂವರೆ ಗಂಟೆ ಕಿವಿಯಲ್ಲಿರುತ್ತೆ. ಕೇಳೋದು ಕರ್ನಾಟಕ ಸಂಗೀತ, ಭಾವಗೀತೆ, ಹಳೇ ಸಿನಿಮಾ ಹಾಡು, ಆಗಾಗ ಯಕ್ಷಗಾನ. ಫೋನಲ್ಲಿ 3.5 ಮಿ.ಮೀ. ಜ್ಯಾಕ್ ಇಲ್ಲ, ಟೈಪ್-ಸಿ ಮಾತ್ರ. ಪಟ್ಟಿಯಲ್ಲಿ ಉಳಿದಿರೋದು ಮೂನ್‌ಡ್ರಾಪ್ ಚು 2, ಸಾಲ್‌ನೋಟ್ಸ್ ಜೀರೋ, ಟಾಂಗ್‌ಜು ವಾನರ್, ಕೆಜಡ್ ಇಡಿಎಕ್ಸ್ ಪ್ರೋ. ಇದೇ ದುಡ್ಡಿಗೆ ವೈರ್ ಇಲ್ಲದ ಟಿಡಬ್ಲ್ಯೂಎಸ್ ತಗೊಳ್ಳಿ ಅನ್ನೋರೂ ಇದ್ದಾರೆ. ಸದ್ದಿನಲ್ಲಿ ನಿಜವಾದ ವ್ಯತ್ಯಾಸ ಎಷ್ಟು, ಕೊಟ್ಟ ದುಡ್ಡು ಎಷ್ಟು ವರ್ಷ ಬಾಳುತ್ತೆ, ಇವೆರಡು ಗೊತ್ತಾದ್ರೆ ಸಾಕು.

ತೊಪ್ಪಿಕಿವಿ, ಹಾಸನ:

ನಾಲ್ಕೂ ಒಂದೇ ಸ್ವಭಾವದವಲ್ಲ. ನೀವು ಕೇಳೋ ಸಂಗೀತ ಇಟ್ಟುಕೊಂಡೇ ಹೇಳ್ತೀನಿ.

ಚು 2ರಲ್ಲಿ ಒಂದೇ 10 ಮಿ.ಮೀ. ಡೈನಮಿಕ್ ಡ್ರೈವರ್, ಅಂದ್ರೆ ಪೊರೆ ಅದುರಿಸಿ ಸದ್ದು ಹೊರಡಿಸೋ ಪುಟ್ಟ ಸ್ಪೀಕರ್. ಕೆಳಗೆ ಹದವಾದ ಬಾಸ್, ಮೇಲೆ ಚುರುಕು. ಮೃದಂಗದ ತೊಪ್ಪಿಯ ಗುಮ್ಕಿ ದುಂಡಗೆ ಬರುತ್ತೆ, ಬಲಗಡೆಯ ಕರಣೆ ಪೆಟ್ಟು ಅದರೊಳಗೆ ಮುಳುಗಲ್ಲ. ವಯೊಲಿನ್ ತಾರಸ್ಥಾಯಿಗೆ ಹೋದಾಗ ಮಾತ್ರ ಜೋರು ವಾಲ್ಯೂಮಿನಲ್ಲಿ ಸ್ವಲ್ಪ ಚುಚ್ಚಬಹುದು.

ಸಾಲ್‌ನೋಟ್ಸ್ ಜೀರೋ ಇನ್ನೂ ತೆಳು ಮೈಯದು. ಬಾಸ್ ಇದೆ, ಆದ್ರೆ ತೀರಾ ತಳದಲ್ಲಿ. 100 ರಿಂದ 250 ಹರ್ಟ್ಸ್ ನಡುವೆ ಬೊಜ್ಜಿಲ್ಲ. ತಂಬೂರದ ಜೀವಾಳಿ, ವೀಣೆಯ ಮೀಟು ಬಿಡಿಬಿಡಿಯಾಗಿ ಕೇಳುತ್ತೆ, ಗಂಡು ದನಿಯ ಎದೆಭಾರ ಕಮ್ಮಿ ಅನ್ಸುತ್ತೆ. ಬಸ್ಸಿನ ಗದ್ದಲದಲ್ಲಿ ಈ ತೆಳು ಇನ್ನೂ ತೆಳುವಾಗುತ್ತೆ ಅನ್ನೋದು ನೆನಪಿರಲಿ.

ವಾನರ್ ಬೆಚ್ಚಗಿನ ಬಗೆ. ಗಾಯನ ಮುಂದೆ ಬಂದು ಕೂರುತ್ತೆ, ಮೇಲಿನ ಅಂಚು ಸವರಿದ ಹಾಗಿರುತ್ತೆ. ವಾದ್ಯಗಳ ಬಿಡಿಸುವಿಕೆಯಲ್ಲಿ ಮೊದಲಿನ ಎರಡಕ್ಕಿಂತ ಒಂದು ಕೂದಲೆಳೆ ಹಿಂದೆ. ಆದ್ರೆ ಭಾವಗೀತೆ, ಹಳೇ ಚಿತ್ರಗೀತೆಗೆ ನನ್ನ ಮತ ಇದಕ್ಕೇ. ಹಳೇ ಧ್ವನಿಮುದ್ರಣದಲ್ಲಿರೋ ಸುಯ್ ಅನ್ನೋ ಟೇಪಿನ ಸದ್ದನ್ನ ಚುರುಕು ಐಇಎಂಗಳು (ಇನ್-ಇಯರ್ ಮಾನಿಟರ್, ಇಂಥ ಕಿವಿಯೊಳಗಿನ ಇಯರ್‌ಫೋನ್) ಎತ್ತಿ ತೋರಿಸ್ತವೆ, ಇದು ಮುಚ್ಚಿಟ್ಟುಕೊಳ್ಳುತ್ತೆ.

ಇಡಿಎಕ್ಸ್ ಪ್ರೋ ಬೆಲೆಯಲ್ಲಿ ಎಲ್ಲಕ್ಕಿಂತ ಅಗ್ಗ. ಬಾಸ್ ಎದ್ದಿರುತ್ತೆ, ಮೇಲ್‌ಸ್ಥಾಯಿ ಎದ್ದಿರುತ್ತೆ, ಹಾಡುವವರು ಇಬ್ಬರ ನಡುವೆ ಸಿಕ್ಕಿಕೊಂಡಿರ್ತಾರೆ. ಹೊಸ ಸಿನಿಮಾ ಹಾಡಿಗೆ ಮಜಾ, ಚಂಡೆಗೆ ತಲೆನೋವು.

ಪರೀಕ್ಷೆಗೆ ‘ಸ’, ‘ಶ’, ‘ಛ’ ತುಂಬಿರೋ ಒಂದು ಸಾಲು ಆರಿಸಿಕೊಳ್ಳಿ, ಹೆಣ್ಣು ದನಿಯದಾದ್ರೆ ಒಳ್ಳೇದು. ಈ ಅಕ್ಷರಗಳ ಶಕ್ತಿ ಹೆಚ್ಚಾಗಿ 5ರಿಂದ 8 ಕಿಲೋಹರ್ಟ್ಸ್ ಸುತ್ತ ಇರುತ್ತೆ. ಪ್ರತಿ ‘ಸ’ಕ್ಕೂ ಸೂಜಿ ತಾಗಿದ ಹಾಗಾದ್ರೆ ಆ ಐಇಎಂ ಎರಡು ಗಂಟೆಯ ಬಸ್ಸಿಗೆ ಆಗಲ್ಲ, ಡಬ್ಬಿ ಮೇಲೆ ಏನೇ ಬರೆದಿರಲಿ.

ಬೋರೆಗುಡ್ಡ, ಚಿಕ್ಕಮಗಳೂರು:

ಸದ್ದಿನ ವಿಚಾರ ಒಪ್ಪಿದೆ. ಆದ್ರೆ ಬಸ್ಸಿನವರಿಗೆ ವೈರ್ ಯಾಕೆ? ಡೀಸೆಲ್ ಎಂಜಿನ್ ಗುರ್ ಅನ್ನೋದು ಬಹುಪಾಲು 50ರಿಂದ 250 ಹರ್ಟ್ಸ್‌ನಲ್ಲಿ. ಕಿವಿಯೊಳಗೆ ಕೂರೋ ಸಿಲಿಕಾನ್ ಟಿಪ್ ಮಧ್ಯ ಮತ್ತು ಮೇಲಿನ ಸದ್ದನ್ನ ಚೆನ್ನಾಗಿ ತಡೆಯುತ್ತೆ, ತಳದ ಗುರುಗುಟ್ಟುವಿಕೆ ಅದಕ್ಕೆ ಅಷ್ಟು ಬಗ್ಗಲ್ಲ. ಎಎನ್‌ಸಿ, ಅಂದ್ರೆ ಹೊರಗಿನ ಗದ್ದಲಕ್ಕೆ ಎದುರು ಸದ್ದು ಹಾಕಿ ಅದನ್ನ ಅಳಿಸೋ ವ್ಯವಸ್ಥೆ, ಕೆಲಸ ಮಾಡೋದೇ ಆ ತಳದಲ್ಲಿ, ಸುಮಾರು 1 ಕಿಲೋಹರ್ಟ್ಸ್‌ಗಿಂತ ಕೆಳಗೆ. 2,500ಕ್ಕೆ ಎಎನ್‌ಸಿ ಇರೋ ಟಿಡಬ್ಲ್ಯೂಎಸ್ ಸಿಗುತ್ತೆ. ಕಿಟಕಿ ಪಕ್ಕ ಕೂತು ಸೀಟಿನ ಕಂಬಿಗೆ ವೈರ್ ಸಿಕ್ಕಿಸಿಕೊಳ್ಳೋ ಕೆಲಸವೂ ಇಲ್ಲ.

ಓಮ್_ನಿಯಮ, ಹಾಸನ:

ಎಎನ್‌ಸಿ ವಾದ ಸರಿಯಾಗಿದೆ, ಅಲ್ಲಗಳೆಯಲ್ಲ. ಲೆಕ್ಕದಲ್ಲಿ ಒಂದು ಸಾಲು ಬಿಟ್ಟಿದ್ದೀರಿ: ಬ್ಯಾಟರಿ. ಇಯರ್‌ಬಡ್ ಒಳಗಿರೋದು ಸಾಮಾನ್ಯವಾಗಿ 30ರಿಂದ 60 ಎಂಎಎಚ್‌ನ ಲಿಥಿಯಂ ಸೆಲ್. ದಿನಾ ತುಂಬಿ ದಿನಾ ಖಾಲಿ ಮಾಡಿದ್ರೆ 300ರಿಂದ 500 ಚಕ್ರದ ಹೊತ್ತಿಗೆ ಸಾಮರ್ಥ್ಯ ಕಣ್ಣಿಗೆ ಕಾಣೋ ಹಾಗೆ ಇಳಿಯುತ್ತೆ. ಅಂದ್ರೆ ಒಂದು, ಒಂದೂವರೆ ವರ್ಷ, ಜೋಪಾನ ಮಾಡಿದ್ರೆ ಎರಡು-ಮೂರು. ಅದೂ ಎರಡೂ ಕಡೆ ಒಟ್ಟಿಗೆ ಸಾಯಲ್ಲ. ಕರೆಗೆ ಒಂದೇ ಬಡ್ ಬಳಸೋರಿಗೆ ಆ ಕಡೆಯದು ಮೊದಲು ಹೋಗುತ್ತೆ. ಸೆಲ್ ಬದಲಿಸಬೇಕು ಅಂದ್ರೆ ಅಂಟಿಸಿದ ಚಿಪ್ಪು ಒಡೀಬೇಕು, ಯಾವ ಅಂಗಡಿಯವರೂ ಕೈ ಹಾಕಲ್ಲ.

ವೈರ್ ಐಇಎಂನಲ್ಲಿ ಹಾಳಾಗೋದು ಹೆಚ್ಚಿನ ಸಲ ಕೇಬಲ್. ಪ್ಲಗ್ಗಿನ ಕುತ್ತಿಗೆ ಇಲ್ಲಾ ವೈ ಕವಲಿನ ಹತ್ತಿರ ತಂತಿ ತುಂಡಾಗುತ್ತೆ. ಕಳಚೋ ಕೇಬಲ್ ಇದ್ರೆ 300-500 ರೂಪಾಯಿಗೆ ಹೊಸದು ಹಾಕಿ ಮುಂದೆ ಹೋಗಬಹುದು. ಬಜೆಟ್ ಹೀಗೆ ಹಂಚಿ: ಐಇಎಂ 1,500-1,900, ಟೈಪ್-ಸಿಯಿಂದ 3.5 ಮಿ.ಮೀ. ಜ್ಯಾಕ್ ಕೊಡೋ ಡಾಂಗಲ್ 500-900. ಡಾಂಗಲ್ ಮರೆತು ಪೂರ್ತಿ ದುಡ್ಡು ಐಇಎಂಗೆ ಸುರಿದು ಆಮೇಲೆ 150 ರೂಪಾಯಿಯ ಕನ್ವರ್ಟರ್ ಹಾಕೋರೇ ಜಾಸ್ತಿ. ಆ ಅಗ್ಗದ ಕನ್ವರ್ಟರುಗಳಲ್ಲಿ ಕೆಲವಕ್ಕೆ ಒಳಗೆ ಡಿಜಿಟಲ್ ಸಂಕೇತವನ್ನ ಅನಲಾಗ್‌ಗೆ ತಿರುಗಿಸೋ ಡ್ಯಾಕ್ ಚಿಪ್ಪೇ ಇರಲ್ಲ, ಫೋನಿನಿಂದ ಅನಲಾಗ್ ಬಂದ್ರೆ ಮಾತ್ರ ಹಾಡ್ತವೆ. ನಿಮ್ಮ ಫೋನ್ ಅದನ್ನ ಕೊಡದಿದ್ರೆ ಚುಚ್ಚಿದ್ರೂ ಸ್ಪೀಕರಿನಲ್ಲೇ ಹಾಡು ಬರ್ತಿರುತ್ತೆ.

ಆ್ಯಪಲ್‌ನ ಟೈಪ್-ಸಿ ಡಾಂಗಲ್ ಬಗ್ಗೆ ಒಂದು ಎಚ್ಚರಿಕೆ. ಸದ್ದು ಶುದ್ಧ, 1 ವೋಲ್ಟ್ ಹತ್ತಿರ ಕೊಡುತ್ತೆ. ಆದ್ರೆ ಎಷ್ಟೋ ಆಂಡ್ರಾಯ್ಡ್ ಫೋನುಗಳಲ್ಲಿ ಡಾಂಗಲ್ ಒಳಗಿನ ವಾಲ್ಯೂಮ್ ಪೂರ್ತಿ ತೆರೆಯೋದೇ ಇಲ್ಲ, ಫೋನಿನ ಕಡ್ಡಿ ತುದಿ ಮುಟ್ಟಿದ್ರೂ ಸದ್ದು ಸಣ್ಣದು. ಯುಎಸ್‌ಬಿ ಡ್ಯಾಕ್‌ಗೆ ನೇರ ಕಳಿಸೋ ಪ್ಲೇಯರ್ ಆ್ಯಪ್ ಬಳಸಿದ್ರೆ ಸರಿಹೋಗುತ್ತೆ, ಯೂಟ್ಯೂಬಿಗೆ ಆ ದಾರಿ ಇಲ್ಲ. ಆಂಡ್ರಾಯ್ಡ್‌ನವರು ಬೇರೆ ಯಾವುದಾದ್ರೂ ಡಾಂಗಲ್ ನೋಡೋದೇ ವಾಸಿ.

ಡಬ್ಬಿ ಮೇಲಿನ ಅಂಕಿಗಳಲ್ಲಿ ಒಂದು ಮೋಸವಿದೆ. ಒಂದರ ಮೇಲೆ 32 ಓಮ್, 105 ಡಿಬಿ ಅಂತ, ಒಂದು ಮಿಲಿವ್ಯಾಟಿಗೆ ಎಷ್ಟು ಜೋರು ಅನ್ನೋ ಲೆಕ್ಕದಲ್ಲಿ. ಇನ್ನೊಂದರ ಮೇಲೆ 18 ಓಮ್, 119 ಡಿಬಿ ಅಂತ, ಒಂದು ವೋಲ್ಟಿಗೆ ಎಷ್ಟು ಜೋರು ಅನ್ನೋ ಲೆಕ್ಕದಲ್ಲಿ. ನೋಡೋಕೆ 14 ಡಿಬಿ ಅಂತರ. 32 ಓಮ್‌ನದನ್ನ ವೋಲ್ಟಿಗೆ ತಿರುಗಿಸಿದ್ರೆ ಸುಮಾರು 15 ಡಿಬಿ ಸೇರಿ 120 ಆಗುತ್ತೆ. ಅಂದ್ರೆ ಎರಡೂ ಒಂದೇ ಜೋರು, ಮೊದಲನೆಯದೇ ಒಂದು ಡಿಬಿ ಮುಂದೆ. ನಿಮ್ಮ ಪಟ್ಟಿಯ ನಾಲ್ಕರಲ್ಲಿ ಯಾವುದಕ್ಕೂ ಆಂಪ್ಲಿಫೈಯರ್ ಬೇಕಿಲ್ಲ.

ಇಂಜಿ_ಹಾಸ್ಟೆಲ್, ಚಿಕ್ಕಮಗಳೂರು:

ಡ್ರೈವರ್ ಜಾಸ್ತಿ ಇದ್ದಷ್ಟೂ ಒಳ್ಳೇದಲ್ವಾ? ಎರಡು ಸಾವಿರದೊಳಗೇ ಒಂದು ಡೈನಮಿಕ್, ಒಂದು ಬ್ಯಾಲೆನ್ಸ್ಡ್ ಆರ್ಮೇಚರ್ (ಪುಟ್ಟ ಲೋಹದ ಪಟ್ಟಿ ಅದುರಿಸಿ ಸದ್ದು ಹೊರಡಿಸೋ ಇನ್ನೊಂದು ಬಗೆಯ ಡ್ರೈವರ್) ಇರೋ ಹೈಬ್ರಿಡ್ ಸಿಗ್ತಿದೆ. ಹೈ-ರೆಸ್ ಸ್ಟಿಕ್ಕರ್ ಬೇರೆ.

ತೊಪ್ಪಿಕಿವಿ, ಹಾಸನ:

ಅಡುಗೆಯವರು ಜಾಸ್ತಿ ಆದಷ್ಟೂ ಸಾರು ರುಚಿ ಅಂದ ಹಾಗಾಯ್ತು. ಆರ್ಮೇಚರನ್ನ ನಾಝಲ್ (ಟಿಪ್ ಕೂರೋ ಕೊಳವೆ) ಬಾಯಿಗೇ ಇಟ್ಟು, ತಳದ-ಮೇಲಿನ ಸದ್ದನ್ನ ಎರಡು ಡ್ರೈವರಿಗೆ ಹಂಚೋ ಕ್ರಾಸ್‌ಓವರ್ ಅಂತ ಒಂದೇ ಒಂದು ಕೆಪಾಸಿಟರ್ ಹಾಕಿ ಕೈತೊಳ್ಕೊಂಡಿರ್ತಾರೆ ಅಗ್ಗದವುಗಳಲ್ಲಿ. ಫಲ, 7-8 ಕಿಲೋಹರ್ಟ್ಸ್ ಹತ್ತಿರ ಒಂದು ಮೊನೆ. ಮೊದಲ ಹತ್ತು ನಿಮಿಷ ‘ಅಬ್ಬಾ, ಎಷ್ಟು ಸ್ಪಷ್ಟ’ ಅನ್ಸುತ್ತೆ, ಅರ್ಧ ಗಂಟೆಗೆ ಕಿವಿ ದಣಿಯುತ್ತೆ. ಈ ಬೆಲೆಯಲ್ಲಿ ಒಂದೇ ಡೈನಮಿಕ್ ಡ್ರೈವರನ್ನ ಹದವಾಗಿ ಶ್ರುತಿ ಮಾಡಿದ್ದೇ ಗೆಲ್ಲೋದು.

ಹೈ-ರೆಸ್ ಸ್ಟಿಕ್ಕರ್ ಹೇಳೋದು 40 ಕಿಲೋಹರ್ಟ್ಸ್‌ವರೆಗೆ ಹೋಗುತ್ತೆ ಅಂತ. ಮನುಷ್ಯರ ಕಿವಿ 20ಕ್ಕೇ ನಿಲ್ಲುತ್ತೆ, ನಡುವಯಸ್ಸಿಗೆ ಅದೂ ಇಲ್ಲ. ಬಾವಲಿಗಳಿಗೆ ಉಪಯೋಗ ಆಗಬಹುದು.

ಇಂಜಿ_ಹಾಸ್ಟೆಲ್, ಚಿಕ್ಕಮಗಳೂರು:

ಯಾವ ಸ್ಥಾಯಿ ಎಷ್ಟು ಜೋರು ಅಂತ ತೋರಿಸೋ ಗ್ರಾಫ್ ನೋಡಿ ತಗೊಳ್ಳೋದು?

ಓಮ್_ನಿಯಮ, ಹಾಸನ:

ನೋಡಿ, ಆದ್ರೆ ಓದೋ ಕ್ರಮ ಗೊತ್ತಿರಲಿ. ಎಲ್ಲರೂ ಹೋಲಿಸೋದು ಹಾರ್ಮನ್ ಟಾರ್ಗೆಟ್‌ಗೆ. ಹಾರ್ಮನ್ ಆಡಿಯೋ ಕಂಪನಿಯಲ್ಲಿ ಸಂಶೋಧಕ ಶಾನ್ ಆಲಿವ್ ತಂಡ ಕೇಳುಗರನ್ನ ಕೂರಿಸಿ ಬಹುಮಂದಿಗೆ ಹಿಡಿಸೋ ಸಮತೋಲನ ಯಾವುದು ಅಂತ ಕಂಡುಕೊಂಡ ಗೆರೆ ಅದು. ಇನ್-ಇಯರ್‌ಗೆ ಹೆಚ್ಚು ಬಳಕೆಯಲ್ಲಿರೋದು 2019ರದ್ದು. ಬಹುಮಂದಿ ಅಂದ್ರೆ ಎಲ್ಲರೂ ಅಲ್ಲ. ಮೃದಂಗ, ಗಾಯನ ಕೇಳೋ ಕಿವಿಗೆ ಆ ಗೆರೆಯ 3 ಕಿಲೋಹರ್ಟ್ಸ್ ಉಬ್ಬು ಕೊಂಚ ಜಾಸ್ತಿ ಅನ್ಸಬಹುದು.

ಇಂಥ ಗ್ರಾಫ್‌ಗಳಿರೋ ಸ್ಕ್ವಿಗ್‌ಲಿಂಕ್ ಜಾಲತಾಣದಲ್ಲಿ ಎರಡು ಐಇಎಂ ಹೋಲಿಸುವಾಗ ಒಬ್ಬರದೇ ಅಳತೆ ಎರಡಕ್ಕೂ ತಗೊಳ್ಳಿ. ಬೇರೆ ಬೇರೆಯವರ ಉಪಕರಣ ಬೆರೆಸಿದ್ರೆ ಸೇರಿನ ಅಳತೆಗೂ ಕಿಲೋಗೂ ಜಗಳ ಹಚ್ಚಿದ ಹಾಗೆ. ಸಾಮಾನ್ಯ ಅಳತೆ ಕೊಳವೆಯಲ್ಲಿ ಐಇಎಂ ಎಷ್ಟು ಆಳಕ್ಕೆ ಕೂತಿದೆ ಅನ್ನೋದರ ಮೇಲೆ 8 ಕಿಲೋಹರ್ಟ್ಸ್ ಹತ್ತಿರ ಒಂದು ಮೊನೆ ಏಳುತ್ತೆ. ಅದು ನಿಮ್ಮ ಕಿವಿಯಲ್ಲಿ ಅಲ್ಲೇ ಇರಬೇಕು ಅಂತಿಲ್ಲ. 20 ಹರ್ಟ್ಸ್‌ನಿಂದ ಸುಮಾರು 6 ಕಿಲೋಹರ್ಟ್ಸ್‌ವರೆಗೆ ಗ್ರಾಫ್ ನಂಬಿ, ಮೇಲಿನದಕ್ಕೆ ಕಿವಿ ನಂಬಿ.

ಅರಸೀಕೆರೆ_ಬಸ್, ಹಾಸನ:

ಅಂಗಡಿಯಲ್ಲಿ ಒಂದರ ಹಿಂದೊಂದು ಹಾಕಿ ಕೇಳಿದ್ರೆ ಗೊತ್ತಾಗಲ್ವಾ? ಬಿ.ಎಂ. ರಸ್ತೆ ಕಡೆ ಒಂದೆರಡು ಕಡೆ ಡೆಮೊ ಪೀಸ್ ಕೇಳೋಣ ಅಂತಿದ್ದೆ.

ತೊಪ್ಪಿಕಿವಿ, ಹಾಸನ:

ವಾಲ್ಯೂಮ್ ಸರಿಹೊಂದಿಸದೆ ಕೇಳಿದ್ರೆ ಏನೂ ಗೊತ್ತಾಗಲ್ಲ. 1 ಡಿಬಿ ಜೋರಿರೋದು ಕಿವಿಗೆ ‘ಜೋರು’ ಅನ್ಸಲ್ಲ, ‘ಚೆನ್ನಾಗಿದೆ’ ಅನ್ಸುತ್ತೆ. ಯಾವುದನ್ನ ಮಾರಬೇಕೋ ಅದನ್ನ ವಾಲ್ಯೂಮ್ ಒಂದು ಮೆಟ್ಟಿಲು ಏರಿಸಿ ಕೇಳಿಸೋ ಕಲೆ ಹಳೇದು. ಫೋನಿನ ಒಂದು ವಾಲ್ಯೂಮ್ ಮೆಟ್ಟಿಲೇ 2-3 ಡಿಬಿ ಇರುತ್ತೆ, ಅಷ್ಟು ಒರಟು ಅಳತೆಯಲ್ಲಿ ಸಮ ಮಾಡೋಕಾಗಲ್ಲ.

ಮನೆಯಲ್ಲಿ ಮಾಡೋ ದಾರಿ: ಇನ್ನೊಂದು ಫೋನಿಗೆ ಸದ್ದು ಅಳೆಯೋ ಆ್ಯಪ್ ಹಾಕಿ. ಐಇಎಂನ ಟಿಪ್ಪನ್ನ ಆ ಫೋನಿನ ಕೆಳಗಿನ ಮೈಕ್ ತೂತಿಗೆ ನೇರ ಒತ್ತಿ ಹಿಡಿದು 1 ಕಿಲೋಹರ್ಟ್ಸ್ ಟೋನ್ ಹಾಕಿ. ಬಂದ ಅಂಕಿ ಎಷ್ಟು ಡಿಬಿ ಅನ್ನೋದು ನಂಬಬೇಡಿ, ಎರಡು ಐಇಎಂಗೂ ಅದೇ ಅಂಕಿ ಬರೋ ಹಾಗೆ ಪ್ಲೇಯರ್ ಆ್ಯಪ್‌ನ ಪ್ರಿಆಂಪ್ (ಸಣ್ಣ ಹೆಜ್ಜೆಯಲ್ಲಿ ಸದ್ದು ಏರಿಳಿಸೋ) ಕಡ್ಡಿ ಸರಿಸಿ. ಅರ್ಧ ಡಿಬಿಯೊಳಗೆ ಬಂದ್ರೆ ಸಾಕು. ಒಂದೇ ಸಾಲನ್ನ 20 ಸೆಕೆಂಡ್ ಕೇಳಿ, ತಕ್ಷಣ ಬದಲಿಸಿ. ಐದು ನಿಮಿಷ ಬಿಟ್ಟು ಹೋಲಿಸಿದ್ರೆ ಅದು ನೆನಪಿನ ಹೋಲಿಕೆ, ಸದ್ದಿನದಲ್ಲ.

ಇದನ್ನ ಮಾಡಿ ನೋಡಿದ್ರೆ 1,800ರದ್ದಕ್ಕೂ 5,000ದ್ದಕ್ಕೂ ಇರೋ ಅಂತರ ಅಂದುಕೊಂಡಷ್ಟು ಇರಲ್ಲ. 500ರಿಂದ 1,800ಕ್ಕೆ ಏರೋದು ದೊಡ್ಡ ಮೆಟ್ಟಿಲು. ಅಲ್ಲಿಂದ ಟ್ರೂತಿಯರ್ ಜೀರೋ ರೆಡ್‌ಗೆ, ಅಂದ್ರೆ 5,000 ಆಸುಪಾಸಿಗೆ, ಸಣ್ಣ ಮೆಟ್ಟಿಲು: ಎರಡು ಡೈನಮಿಕ್ ಡ್ರೈವರ್, ಮಧ್ಯದಲ್ಲಿ ಹೆಚ್ಚು ಸಮ, ಚುಚ್ಚೋದು ಕಮ್ಮಿ. ಜೊತೆಗೆ ಕೊಡೋ 10 ಓಮ್ ಅಡಾಪ್ಟರ್ ಹಾಕಿದ್ರೆ ಬಾಸ್ ಏರುತ್ತೆ. ನಾಝಲ್ ಮಾತ್ರ ದಪ್ಪ, ಸಣ್ಣ ಕಿವಿಯವರಿಗೆ ಅರ್ಧ ಗಂಟೆಗೆ ನೋವು. ಅದೇ ಕಂಪನಿಯ ಹೆಕ್ಸಾ, ಒಂದು ಡೈನಮಿಕ್ ಮೂರು ಆರ್ಮೇಚರ್, ಇನ್ನೂ ಮೇಲೆ. ಪಕ್ಕವಾದ್ಯಗಳನ್ನ ಬಿಡಿಸಿ ಕೊಡೋದರಲ್ಲಿ ಅದರ ದುಡ್ಡು ಕಾಣುತ್ತೆ, ಬಸ್ಸಿನಲ್ಲಿ ಕಾಣಲ್ಲ.

ಬೋರೆಗುಡ್ಡ, ಚಿಕ್ಕಮಗಳೂರು:

ಅದನ್ನೇ ನಾನು ಹೇಳ್ತಿರೋದು. ಬಸ್ಸಿನಲ್ಲಿ ಏನೂ ಕಾಣಲ್ಲ ಅಂದ್ರೆ ಎಎನ್‌ಸಿ ತಗೊಳ್ಳಿ. ಎಲ್‌ಡ್ಯಾಕ್ ಕೋಡೆಕ್ (ಬ್ಲೂಟೂತ್‌ನಲ್ಲಿ ಸದ್ದನ್ನ ಅಡಕ ಮಾಡಿ ಕಳಿಸೋ ಕ್ರಮ) ಇದ್ರೆ ಸದ್ದೂ ಕೊರತೆಯಾಗಲ್ಲ.

ಓಮ್_ನಿಯಮ, ಹಾಸನ:

ಎಲ್‌ಡ್ಯಾಕ್ 990, 660, 330 ಕೆಬಿಪಿಎಸ್ ಹೀಗೆ ಮೂರು ಮೆಟ್ಟಿಲಲ್ಲಿ ಓಡುತ್ತೆ. ಎಲ್ಲರ ಕೈಯಲ್ಲೂ ಬ್ಲೂಟೂತ್ ಇರೋ ತುಂಬಿದ ಬಸ್ಸಿನಲ್ಲಿ, ಫೋನ್ ಪ್ಯಾಂಟ್ ಜೇಬಲ್ಲಿಟ್ಟರೆ ಅದು 330ಕ್ಕೆ ಇಳಿದು ಕೂರೋದೇ ಹೆಚ್ಚು. ಮಾಮೂಲಿ ಬ್ಲೂಟೂತ್ ಕೋಡೆಕ್ ಎಸ್‌ಬಿಸಿಯೇ 328ರವರೆಗೆ ಹೋಗುತ್ತೆ. ಈ ಬೆಲೆಯ ಟಿಡಬ್ಲ್ಯೂಎಸ್‌ನಲ್ಲಿ ಸದ್ದು ಕೆಡೋದು ಕೋಡೆಕ್‌ನಿಂದಲ್ಲ, ಶ್ರುತಿಯಿಂದ. ಎಎನ್‌ಸಿ ಹಾಕಿದಾಗ ಒಂದು ಸದ್ದು, ತೆಗೆದಾಗ ಇನ್ನೊಂದು, ಅಷ್ಟು ಏರುಪೇರು. ಆ್ಯಪ್‌ನಲ್ಲಿ ಈಕ್ವಲೈಸರ್ ಕೊಟ್ಟಿದ್ರೆ ಸ್ವಲ್ಪ ತಿದ್ದಬಹುದು.

ಆದ್ರೂ ಒಂದು ಮಾತು ನಿಮ್ಮ ಕಡೆಗೇ ಹೇಳಬೇಕು. ವಾರಕ್ಕೆ 80 ಡಿಬಿಯಲ್ಲಿ 40 ಗಂಟೆ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹಾಕಿರೋ ಮಿತಿ. 3 ಡಿಬಿ ಏರಿದ್ರೆ ಹೊತ್ತು ಅರ್ಧ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ಪ್ರಶ್ನೆ ಹಾಕಿದವರದು ವಾರಕ್ಕೆ 12ರಿಂದ 15 ಗಂಟೆ. ಗದ್ದಲ ಮೀರಿಸೋಕೆ 86 ದಾಟಿಸಿದ್ರೆ ಮಿತಿ ಮುಗೀತು. ಹೊರಗಿನ ಸದ್ದು ತಡೆಯೋದು ಅಂದ್ರೆ ಬರೀ ಸುಖ ಅಲ್ಲ. ಎಎನ್‌ಸಿಯಿಂದಲೋ ಒಳ್ಳೇ ಸೀಲ್‌ನಿಂದಲೋ, ಆ ಕೆಲಸ ಆಗಲೇಬೇಕು.

ತೊಪ್ಪಿಕಿವಿ, ಹಾಸನ:

ಸೀಲ್ ಮಾತು ಬಂತಲ್ಲ, ಅದೇ ಇಲ್ಲಿ ಎಲ್ಲಕ್ಕಿಂತ ದೊಡ್ಡದು. ‘ಬಾಸೇ ಇಲ್ಲ, ದುಡ್ಡು ದಂಡ’ ಅಂತ ಬರೆಯೋರಲ್ಲಿ ಬಹಳ ಮಂದಿಯ ಟಿಪ್ ಕಿವಿಯಲ್ಲಿ ಕೂತೇ ಇರಲ್ಲ. ಕೂದಲೆಳೆಯಷ್ಟು ಸಂದಿ ಇದ್ರೂ 100 ಹರ್ಟ್ಸ್‌ಗಿಂತ ಕೆಳಗಿನದು ಸೋರಿ ಹೋಗುತ್ತೆ.

ಹಾಕೋ ರೀತಿ: ಬಲ ಐಇಎಂ ಬಲಗೈಯಲ್ಲಿ. ಎಡಗೈ ತಲೆ ಹಿಂದಿನಿಂದ ತಂದು ಬಲಕಿವಿಯ ಮೇಲಂಚನ್ನ ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿದ್ರೆ ಕಿವಿನಾಳ ನೇರ ಆಗುತ್ತೆ. ಬಾಯಿ ಸ್ವಲ್ಪ ತೆರೆದು, ಐಇಎಂ ಅನ್ನ ಮುಂದಕ್ಕೆ ಸಣ್ಣಗೆ ತಿರುಗಿಸ್ತಾ ಒಳಗೆ ತಳ್ಳಿ, ಆಮೇಲೆ ಕಿವಿ ಬಿಡಿ. ಕೇಬಲ್ ಕಿವಿಯ ಮೇಲಿಂದ ಹಿಂದಕ್ಕೆ ಹೋಗಬೇಕು. ಕೆಳಗೆ ನೇತಾಡಿದ್ರೆ ಅಂಗಿಗೆ ಉಜ್ಜಿದ ಪರಪರ ಸದ್ದೆಲ್ಲ ಒಳಗೆ. ಈಗ 40 ಹರ್ಟ್ಸ್ ಟೋನ್ ಹಾಕಿ. ಎರಡೂ ಕಡೆ ಗುಂಯ್ ಅಂತ ಒಂದೇ ಸಮ ಕೇಳಬೇಕು. ಬೆರಳಲ್ಲಿ ಐಇಎಂ ಒತ್ತಿದಾಗ ಟೋನ್ ಜೋರಾದ್ರೆ ಟಿಪ್ ಚಿಕ್ಕದಾಯ್ತು, ಒಂದು ಸೈಜ್ ಮೇಲೆ ಹೋಗಿ. ಎಡಕ್ಕೆ ಮಧ್ಯಮ, ಬಲಕ್ಕೆ ದೊಡ್ಡದು ಬೇಕಾಗೋದು ಮಾಮೂಲು, ನಾಚಿಕೆ ಪಡೋದೇನಿಲ್ಲ.

ಒಳಗೆ ತಳ್ಳುವಾಗ ಕಿರಿಕ್ ಅಂದ್ರೆ ಅದು ಗಾಳಿ ಒತ್ತಡಕ್ಕೆ ಡಯಾಫ್ರಾಮ್, ಅಂದ್ರೆ ಡ್ರೈವರಿನ ಪೊರೆ, ಬಾಗೋ ಸದ್ದು. ನಿಧಾನಕ್ಕೆ ಹಾಕಿದ್ರೆ ಕಮ್ಮಿ ಆಗುತ್ತೆ. ಅಗಲ ಬಾಯಿಯ ಟಿಪ್ ಮೇಲ್‌ಸ್ಥಾಯಿ ಎತ್ತುತ್ತೆ, ಕಿರಿದು ಬಾಯಿಯದು ಇಳಿಸುತ್ತೆ. ಹಾಗಾಗಿ ಚು 2 ಚುಚ್ಚಿದ್ರೆ ಮೊದಲು ಟಿಪ್ ಬದಲಿಸಿ, ಐಇಎಂ ಮಾರಬೇಡಿ.

ಫೋಮ್ ಟಿಪ್ ಗದ್ದಲ ಚೆನ್ನಾಗಿ ತಡೆಯುತ್ತೆ, ಬಸ್ಸಿಗೆ ಅದೇ ಸರಿ.

ಕಾಫಿಹೂ, ಮೂಡಿಗೆರೆ:

ಫೋಮ್ ಮಾತ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕಡೆ ಹೇಳಬೇಡಿ ಮಾರಾಯ್ರೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ ಸೀಮೆಯ ಮಳೆಗಾಲದಲ್ಲಿ ಹಾಸಿಗೆ ಬಟ್ಟೆಯೇ ಒಣಗಲ್ಲ, ಇನ್ನು ಫೋಮ್! ನೀರು ಹೀರಿ ಉಬ್ಬುತ್ತೆ, ಮತ್ತೆ ಹಿಗ್ಗಲ್ಲ, ವಾಸನೆ, ಕಿವಿಯಲ್ಲಿ ತುರಿಕೆ. ಒಣ ಊರಲ್ಲಿ ಎರಡು-ಮೂರು ತಿಂಗಳು ಬರೋ ಫೋಮ್ ಇಲ್ಲಿ ತಿಂಗಳಿಗೇ ಹಪ್ಪಳ. ಮಳೆಗಾಲಕ್ಕೆ ಸಿಲಿಕಾನ್, ಬೇಸಿಗೆಗೆ ಫೋಮ್ ಅಂತ ಎರಡೂ ಇಟ್ಟುಕೊಳ್ಳಿ.

ಇಲ್ಲಿ ಐಇಎಂ ಹಾಳಾಯ್ತು ಅಂತ ಎಸೆಯೋದರಲ್ಲಿ ಅರ್ಧಕ್ಕರ್ಧ ಹಾಳಾಗಿರೋದೇ ಇಲ್ಲ. ಲಕ್ಷಣ ಹೀಗೆ: ಹಾಕಿದ ಇಪ್ಪತ್ತು ನಿಮಿಷಕ್ಕೆ ಒಂದು ಕಡೆ ಸದ್ದು ಇಳಿಯುತ್ತೆ, ರಾತ್ರಿ ಬಿಚ್ಚಿಟ್ಟು ಬೆಳಗ್ಗೆ ಹಾಕಿದ್ರೆ ಸರಿ ಇರುತ್ತೆ, ಮತ್ತೆ ಅದೇ ಕತೆ. ಕಿವಿಯ ಬಿಸಿ ಹಸಿ ಗಾಳಿ ತಣ್ಣಗಿನ ನಾಝಲ್ ತಾಕಿ ಬಲೆಯ ತೂತುಗಳಲ್ಲಿ ನೀರಿನ ಪೊರೆ ಕಟ್ಟುತ್ತೆ. ಲೋಹದ ಚಿಪ್ಪಿನಲ್ಲಿ ಇದು ಜಾಸ್ತಿ, ಯಾಕಂದ್ರೆ ಲೋಹ ಬೇಗ ತಣ್ಣಗಾಗುತ್ತೆ. ಡ್ರೈವರಿಗೆ ಏನೂ ಆಗಿರಲ್ಲ.

ಒಣಗಿಸೋದು: ಟಿಪ್ ತೆಗೆದು, ನಾಝಲ್ ಕೆಳಮುಖ ಮಾಡಿ, ಟಿಶ್ಯೂ ಮೇಲೆ ಮೆಲ್ಲಗೆ ಕುಟ್ಟಿ. ಬಾಯಿಂದ ಊದಬೇಡಿ, ಎಂಜಲಿನ ತೇವ ಒಳಗೆ ಹೋಗುತ್ತೆ, ಒತ್ತಡಕ್ಕೆ ಡಯಾಫ್ರಾಮ್ ಸುಕ್ಕಾದ್ರೂ ಆಯ್ತು. ಹೇರ್ ಡ್ರೈಯರ್ ಬೇಡ, ಅಂಟು ಬಿಡುತ್ತೆ. ಅಕ್ಕಿಯಲ್ಲಿ ಹೂತಿಡೋದೂ ಬೇಡ, ತೌಡಿನ ಪುಡಿ ಬಲೆಗೆ ಮೆತ್ತಿಕೊಳ್ಳುತ್ತೆ. ಬಿಗಿ ಮುಚ್ಚಳದ ಡಬ್ಬಿಗೆ 50 ಗ್ರಾಂ ಕಿತ್ತಳೆ ಬಣ್ಣದ ಸಿಲಿಕಾ ಜೆಲ್, ಅದರ ಮೇಲೆ ಒಂದು ತೆಳು ಬಟ್ಟೆ, ಮೇಲೆ ಐಇಎಂ, ರಾತ್ರಿ ಪೂರ್ತಿ. ಜೆಲ್ ಹಸಿರಾದ್ರೆ ಅದರ ಹೊಟ್ಟೆ ತುಂಬಿತು ಅಂತ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಗೆ ಕೈಯಾಡಿಸಿ ಕಿತ್ತಳೆಗೆ ತಿರುಗೋವರೆಗೆ ಬಿಸಿ ಮಾಡಿ, ಕಪ್ಪಾಗೋಕೆ ಬಿಡಬೇಡಿ. ಆ ಬಾಣಲೆ ಅಡುಗೆಗೆ ವಾಪಸ್ ಬೇಡ. ಕಾಫಿ ಬೀಜ ಹಲ್ಲಲ್ಲಿ ಕಚ್ಚಿ ತೇವ ಹೇಳೋ ಊರಿನವರಿಗೆ ಇದೇನು ಕಷ್ಟವಲ್ಲ.

ಇನ್ನೊಂದು ಬಗೆ ಇದೆ, ಒಣಗಿಸಿದ್ರೂ ಸದ್ದು ಬರಲ್ಲ. ಅದು ಕಿವಿಗುಗ್ಗೆ. ಟಾರ್ಚ್ ಹಿಡಿದು ನಾಝಲ್ ಬಲೆ ನೋಡಿ. ತೂತುಗಳಲ್ಲಿ ಹಳದಿ ಹೊಳಪಿದ್ರೆ ಅದೇ. ನಾಝಲ್ ಕೆಳಮುಖ ಹಿಡಿದೇ ಒಣ, ಮೆತ್ತನೆ ಹಲ್ಲುಜ್ಜೋ ಬ್ರಷ್‌ನಲ್ಲಿ ಕೆಳಗಿನಿಂದ ಉಜ್ಜಿ, ಉದುರಿದ್ದು ನೆಲಕ್ಕೆ ಬೀಳಬೇಕು. ಹೋಗದಿದ್ರೆ ಟಿಶ್ಯೂ ಮೂಲೆಗೆ ಒಂದೇ ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ, ಬಲೆಗೆ ಮೂರು ಸೆಕೆಂಡ್ ಒತ್ತಿ ತೆಗೆಯಿರಿ. ಗುಗ್ಗೆ ಕರಗಿ ಟಿಶ್ಯೂಗೆ ಬರುತ್ತೆ. ಬಲೆ ಮೇಲೆ ನೇರ ಸುರಿದ್ರೆ ಅದನ್ನ ಹಿಡಿದಿರೋ ಅಂಟೂ ಕರಗುತ್ತೆ, ಬಲೆ ಕಳಚಿ ಬಂದ್ರೆ ಮೇಲ್‌ಸ್ಥಾಯಿ ಕಿರುಚೋಕೆ ಶುರು. ಸೂಜಿ, ಗುಂಡುಪಿನ್ನು ಹತ್ತಿರಕ್ಕೂ ತರಬೇಡಿ. ಚಿಪ್ಪಿನ ಮೇಲೆ ಇನ್ನೊಂದು ಚುಕ್ಕಿಯಂಥ ತೂತು ಇರುತ್ತಲ್ಲ, ಅದು ಗಾಳಿತೂತು. ಅದನ್ನೂ ಬ್ರಷ್‌ನಲ್ಲೇ ಸವರಿ, ಚುಚ್ಚಬೇಡಿ. ಅದು ಕಟ್ಟಿದ್ರೆ ಬಾಸಿನ ಲೆಕ್ಕವೇ ತಪ್ಪುತ್ತೆ.

ಈ ಒಂದು ಕಾರಣಕ್ಕೆ ನನ್ನ ಮತ ಚು 2ಕ್ಕೆ. ಅದರ ನಾಝಲ್ ತಿರುಪಿನದು, ಬಿಚ್ಚಿ ಬದಲಿಸಬಹುದು. ಗುಗ್ಗೆ ಕಟ್ಟಿದ್ರೆ ಪೂರ್ತಿ ಐಇಎಂ ಎಸೆಯೋ ಪ್ರಶ್ನೆಯೇ ಇಲ್ಲ. ಬಿಗಿ ಮಾಡುವಾಗ ಬೆರಳ ತುದಿಯಷ್ಟೇ ಬಲ, ಇಕ್ಕಳ ಬೇಡ.

ಬೋರೆಗುಡ್ಡ ಅವರಿಗೆ: ಐಪಿಎಕ್ಸ್4 ಅಂದ್ರೆ ಎಲ್ಲ ದಿಕ್ಕಿನ ಎರಚಲು ತಡೆಯುತ್ತೆ ಅಂತ, ಅದೂ ಬಡ್‌ಗೆ ಮಾತ್ರ. ಒದ್ದೆ ಬಡ್ಡನ್ನ ಕೇಸಿಗೆ ಹಾಕಿ ಮುಚ್ಚಿದ್ರೆ ಒಳಗಿನ ಚಾರ್ಜಿಂಗ್ ಮೊಳೆಗಳಿಗೆ ಹಸಿರು ಕಿಲುಬು ಹಿಡಿಯುತ್ತೆ. ಈ ಮಳೆಯಲ್ಲಿ ಟಿಡಬ್ಲ್ಯೂಎಸ್ ಸಾಯೋದು ಬ್ಯಾಟರಿಗೂ ಮೊದಲು ಕೇಸಿನಿಂದ.

ಬೋರೆಗುಡ್ಡ, ಚಿಕ್ಕಮಗಳೂರು:

ಕೇಸಿನ ಮಾತು ಒಪ್ಪಿದೆ. ಒರೆಸಿ, ಹತ್ತು ನಿಮಿಷ ಹೊರಗಿಟ್ಟು ಆಮೇಲೆ ಕೇಸಿಗೆ ಹಾಕೋದು ಅಭ್ಯಾಸ ಆಗಬೇಕು. ಆದ್ರೆ ಅರಸೀಕೆರೆ ಬಯಲುಸೀಮೆ, ಅಲ್ಲಿ ನಿಮ್ಮ ಮೂಡಿಗೆರೆ ಮಳೆ ಎಲ್ಲಿಂದ ಬರುತ್ತೆ?

ಕಾಫಿಹೂ, ಮೂಡಿಗೆರೆ:

ಬೆವರು ಎಲ್ಲ ಊರಲ್ಲೂ ಬರುತ್ತೆ, ಉಪ್ಪೂ ಸೇರಿರುತ್ತೆ.

ಇಂಜಿ_ಹಾಸ್ಟೆಲ್, ಚಿಕ್ಕಮಗಳೂರು:

ಗೇಮ್ ಆಡೋರಿಗೆ ವೈರ್‌ನದ್ದೇ ಸರಿ ಅಲ್ವಾ? ಬ್ಲೂಟೂತ್‌ನಲ್ಲಿ ಗುಂಡು ತಾಗಿದ ಮೇಲೆ ಸದ್ದು ಬರುತ್ತೆ.

ಓಮ್_ನಿಯಮ, ಹಾಸನ:

ಹೌದು. ಎಸ್‌ಬಿಸಿ, ಎಎಸಿ ಕೋಡೆಕ್‌ಗಳಲ್ಲಿ 150-250 ಮಿಲಿಸೆಕೆಂಡ್ ತಡ ಮಾಮೂಲು. ಗೇಮ್ ಮೋಡ್ ಹಾಕಿದ್ರೆ ಇಳಿಯುತ್ತೆ, ವೈರಿನ ಸಮಕ್ಕೆ ಬರಲ್ಲ.

ರೇಡಿಯೋ ಕೇಳೋರಿಗೆ ಇನ್ನೊಂದು ವಿಷಯ. ಫೋನಿನ ಎಫ್‌ಎಂಗೆ ಇಯರ್‌ಫೋನ್ ವೈರೇ ಆಂಟೆನಾ. ಹಾಸನ ಆಕಾಶವಾಣಿ ಎಫ್‌ಎಂನಲ್ಲಿ ಕೇಳಬೇಕು ಅಂದ್ರೆ 3.5 ಮಿ.ಮೀ. ಜ್ಯಾಕ್ ಇರೋ ಫೋನೇ ಬೇಕು. ಡ್ಯಾಕ್ ಇರೋ ಟೈಪ್-ಸಿ ಡಾಂಗಲ್ ಮೂಲಕ ಆಂಟೆನಾ ಸಾಮಾನ್ಯವಾಗಿ ಸಿಗಲ್ಲ.

ಅರಸೀಕೆರೆ_ಬಸ್, ಹಾಸನ:

ವಾನರ್ ತಗೊಂಡೆ, ಜೊತೆಗೊಂದು ಡಾಂಗಲ್. ಮೈಕ್ ಇಲ್ಲದ ಮಾಡೆಲ್ ಬಂದಿದ್ರಿಂದ ಮೈಕ್ ಇರೋ ಬೇರೆ ಕೇಬಲ್ ಹಾಕಿದ್ದೀನಿ, 0.78 ಮಿ.ಮೀ. ಎರಡು ಪಿನ್, ಕಿವಿ ಕೊಕ್ಕೆ ಇಲ್ಲದ್ದು. ಎರಡೂ ಕಡೆ ಸದ್ದು ಸಮ ಇದೆ, 40 ಹರ್ಟ್ಸ್ ಟೋನ್ ಎರಡೂ ಕಡೆ ಬಿಡಿಬಿಡಿಯಾಗಿ ಹಾಕಿದ್ರೆ ಚೆನ್ನಾಗಿ ಕೇಳುತ್ತೆ. ಆದ್ರೆ ಹಾಡು ಹಾಕಿದ್ರೆ ಬಾಸ್ ತೆಳ್ಳಗೆ, ಹಾಡುವವರ ದನಿ ತಲೆ ಸುತ್ತ ಹರಡಿದ ಹಾಗೆ. ಬೆಚ್ಚಗಿನ ಸದ್ದು ಅಂದಿದ್ರಲ್ಲ, ಎಲ್ಲಿದೆ? 50 ಗಂಟೆ ಓಡಿಸಿದ್ರೆ ಸರಿಹೋಗುತ್ತಾ?

ತೊಪ್ಪಿಕಿವಿ, ಹಾಸನ:

ಓಡಿಸಿದ್ರೆ ಏನೂ ಆಗಲ್ಲ. ಓಡಿಸಿ ಸರಿಹೋಯ್ತು ಅನ್ನೋರಲ್ಲಿ ಐಇಎಂ ಬದಲಾಗಿರಲ್ಲ, ಕಿವಿ ಒಗ್ಗಿಕೊಂಡಿರುತ್ತೆ. ನಿಮ್ಮ ಲಕ್ಷಣ ಬೇರೆ. ಒಂದು ಕಡೆ ಪಿನ್ ತಿರುಗುಮುರುಗಾಗಿದೆ. ರಾಜ್‌ಕುಮಾರ್ ಅವರ ಅರವತ್ತರ ದಶಕದ ಒಂದು ಮಾನೋ ಹಾಡು ಹಾಕಿ. ಎರಡು ಕಿವಿಗೂ ಒಂದೇ ಸದ್ದು ಹೋಗೋದ್ರಿಂದ ದನಿ ಹಣೆಯ ನಟ್ಟನಡುವೆ ಚುಕ್ಕಿ ಇಟ್ಟ ಹಾಗೆ ನಿಲ್ಲಬೇಕು. ನಿಲ್ಲದಿದ್ರೆ ಅದೇ.

ಓಮ್_ನಿಯಮ, ಹಾಸನ:

ಕಾರಣ: ಎರಡು ಪಿನ್ನಲ್ಲಿ ಒಂದು ಸಿಗ್ನಲ್, ಒಂದು ಗ್ರೌಂಡ್. ಚಪ್ಪಟೆ ಸಾಕೆಟ್ಟಿಗೆ ಕೇಬಲ್ ಹೇಗೆ ಬೇಕಾದ್ರೂ ಹೋಗುತ್ತೆ. ಒಂದು ಕಡೆ ತಿರುಗಿದ್ರೆ ಎಡ ಡಯಾಫ್ರಾಮ್ ಮುಂದೆ ಬರುವಾಗ ಬಲದ್ದು ಹಿಂದೆ ಹೋಗುತ್ತೆ. ಬಿಡಿಬಿಡಿಯಾಗಿ ಕೇಳಿದ್ರೆ ತಪ್ಪು ಗೊತ್ತಾಗಲ್ಲ, ಒಟ್ಟಿಗೆ ಕೇಳಿದಾಗ ಮಾತ್ರ ನಡು ಖಾಲಿ. ಕೊಕ್ಕೆ ಇರೋ ಕೇಬಲ್‌ನಲ್ಲಿ ಈ ತಪ್ಪು ಆಗೋದು ಕಮ್ಮಿ, ತಿರುಗಿಸಿ ಹಾಕಿದ್ರೆ ಕೊಕ್ಕೆ ಗಲ್ಲದ ಕಡೆ ಬಾಗಿ ತಾನೇ ಹೇಳುತ್ತೆ. ಎಲೆಕ್ಟ್ರಿಕಲ್ ಆಗಿ ಅಪಾಯ ಏನಿಲ್ಲ.

ಬಲಗಡೆಯದನ್ನ ಮಾತ್ರ ಎಳೆದು, 180 ಡಿಗ್ರಿ ತಿರುಗಿಸಿ ಹಾಕಿ. ಎಳೆಯುವಾಗ ವೈರ್ ಹಿಡೀಬೇಡಿ, ಪ್ಲಗ್ಗಿನ ಮೈ ಹಿಡಿದು ನೇರ ಎಳೆಯಿರಿ. ಅಲ್ಲಾಡಿಸಿದ್ರೆ ಪಿನ್ ಬಾಗುತ್ತೆ, ಸಾಕೆಟ್ ಸಡಿಲಾಗುತ್ತೆ. ಎರಡೂ ಕಡೆ ತಿರುಗಿಸಿದ್ರೆ ಮತ್ತೆ ಇದ್ದಲ್ಲೇ ಇರ್ತೀರಿ.

ಅರಸೀಕೆರೆ_ಬಸ್, ಹಾಸನ:

ಬಲಗಡೆ ತಿರುಗಿಸಿದೆ. ದನಿ ನಡುವಿಗೆ ಬಂದು ಕೂತಿತು, ತೊಪ್ಪಿಯೂ ಬಂತು.

ಕಾಫಿಹೂ, ಮೂಡಿಗೆರೆ:

ಈಗ ಬಿಚ್ಚೋಕೆ ಮುಂಚೆ, ಎರಡೂ ಕಡೆ ಪ್ಲಗ್ಗಿನ ಮೇಲಂಚಿಗೂ ಅದರ ಪಕ್ಕ ಚಿಪ್ಪಿನ ಅಂಚಿಗೂ ಉಗುರುಬಣ್ಣದಲ್ಲಿ ಒಂದೊಂದು ಚುಕ್ಕಿ ಇಡಿ. ಬಲಕ್ಕೆ ಕೆಂಪು ಇರಲಿ. ಗಾಳಿತೂತಿನ ಮೇಲೆ ಮಾತ್ರ ಬೀಳಬಾರದು.